ಕೊಡುವವರೂ ಕೊಳ್ಳುವವರೂ ಮಾತು ಉಳಿಸಿಕೊಂಡರೆ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ದಿನ ನನಗೆ ಎರಡು ಮಾತಾಡಲು ಅವಕಾಶ ಕೊಟ್ಟಿದ್ದೀರಿ. ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ವಿವರವಾಗಿ ಹೇಳಿದ್ದಾರೆ. ಅದನ್ನೇ ನಾನು ಮತ್ತೆ ಹೇಳುವುದಿಲ್ಲ. ನಾನು ಹೇಳಬೇಕು ಅಂದುಕೊಂಡಿರುವುದು ಕಾಫಿ ವಿಚಾರ. ಹಾಲಿನ ಸಂಘದ ಹಬ್ಬದಲ್ಲಿ ಕಾಫಿ ಮಾತು ಯಾಕಪ್ಪಾ ಅಂತ ನೀವು ನಗಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿ, ಕೊನೆಗೆ ಹಾಲಿಗೇ ಬರುತ್ತೇನೆ.

ನಾವು ಕಾಫಿ ಬೆಳೆಯುವವರಲ್ಲ. ನಮ್ಮದು ಭತ್ತ, ಕಬ್ಬು, ಬಾಳೆ, ರಾಗಿ. ಆದರೆ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ 1989ರಿಂದ ನೆಸ್ಲೆಯವರ ಕಾಫಿ ಕಾರ್ಖಾನೆ ಇದೆ. ಇಡೀ ದೇಶದ ಕಾಫಿಯಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ನಮ್ಮ ರಾಜ್ಯದ್ದೇ, ಅದರಲ್ಲೂ ಕೊಡಗು, ಚಿಕ್ಕಮಗಳೂರು, ಹಾಸನದ್ದು. ಬೆಳೆಯುವವನು ಒಂದು ಕಡೆ, ಹುರಿದು ಪುಡಿ ಮಾಡಿ ಮಾರುವವನು ಇನ್ನೊಂದು ಕಡೆ. ಇವರಿಬ್ಬರ ನಡುವಿನ ವ್ಯವಹಾರ ಹೇಗೆ ನಡೀತು ಅನ್ನೋದರಲ್ಲಿ ನಮಗೂ ಒಂದು ಪಾಠ ಇದೆ.

1942ರ ಕಾಫಿ ಕಾಯಿದೆ ಪ್ರಕಾರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ಹರಾಜು ಹಾಕಿ ಮಾರುವುದು ಮಂಡಳಿಯ ಕೆಲಸ. ಬೆಳೆಗಾರನಿಗೆ ಮಾರುವ ಚಿಂತೆ ಇರಲಿಲ್ಲ, ಆದರೆ ಹಣ ಕಂತು ಕಂತಾಗಿ ಬರೋದು, ಕಡೇ ಕಂತಿಗೆ ಬಹಳ ಕಾಯಬೇಕಾಗೋದು. 1990ರ ದಶಕದಲ್ಲಿ ಹಂತ ಹಂತವಾಗಿ ಇದನ್ನು ಸಡಿಲ ಮಾಡಿ, 1996ರಲ್ಲಿ ಪೂಲ್ ಪದ್ಧತಿಯನ್ನೇ ನಿಲ್ಲಿಸಿದರು. ಕೈಗೆ ತಕ್ಷಣ ಕಾಸು ಬಂತು, ಎಲ್ಲರಿಗೂ ಸಂತೋಷವಾಯಿತು. ಆದರೆ 2001-02ರ ಹೊತ್ತಿಗೆ ಪ್ರಪಂಚದ ಪೇಟೆಯಲ್ಲೇ ಬೆಲೆ ಬಿದ್ದು, ಕೊಯ್ಲಿನ ಕೂಲಿಯೂ ಹುಟ್ಟದ ಹಾಗಾಯಿತು. ಅದೇ ಕಾಫಿ, 2024ರಲ್ಲಿ 50 ಕೆ.ಜಿ.ಯ ರೊಬಸ್ಟಾ ಚೆರ್ರಿ ಮೂಟೆಗೆ 10,000 ರೂಪಾಯಿ ದಾಟಿತು. ನಮ್ಮ ತೋಟದ ಕಾಫಿಗೆ ಬೆಲೆ ಕಟ್ಟುವುದು ಲಂಡನ್, ನ್ಯೂಯಾರ್ಕ್ ಪೇಟೆ.

ಬೆಲೆ ಏರಿದರೆ ಬೆಳೆಗಾರನಿಗೆ ಒಳ್ಳೇದೇ ತಾನೇ ಅನ್ನಬಹುದು. ಅದೇ 2024ರ ಸುಮಾರಿಗೆ ವಿಯೆಟ್ನಾಂ ದೇಶದಲ್ಲಿ ಏನಾಯಿತು ನೋಡಿ. ಕಮ್ಮಿ ಬೆಲೆ ಇದ್ದಾಗ ಕರಾರು ಮಾಡಿಕೊಂಡಿದ್ದ ಎಷ್ಟೋ ಮಂದಿ ಬೆಲೆ ಏರಿದ ಮೇಲೆ ಮಾಲು ಕೊಡಲಿಲ್ಲ. ಕೊಳ್ಳುವವರು ನಷ್ಟಕ್ಕೆ ಸಿಕ್ಕಿಕೊಂಡರು. ಬೆಲೆ ಬಿದ್ದಾಗ ಕೊಳ್ಳುವವನು ಕೈಬಿಡುತ್ತಾನೆ, ಏರಿದಾಗ ಕೊಡುವವನು ಕೈಬಿಡುತ್ತಾನೆ. ಹೀಗಾದರೆ ವ್ಯಾಪಾರ ಉಂಟು, ಸಂಬಂಧ ಇಲ್ಲ.

ಇದಕ್ಕೆ ದಾರಿ ಹುಡುಕಿದವರೂ ಇದ್ದಾರೆ. 1988ರಲ್ಲಿ ಮೆಕ್ಸಿಕೋ ದೇಶದ ಸಣ್ಣ ಬೆಳೆಗಾರರ ಒಂದು ಸಹಕಾರ ಸಂಘದ ಕಾಫಿಗೆ ಹಾಲೆಂಡಿನಲ್ಲಿ ನ್ಯಾಯದ ವ್ಯಾಪಾರ ಅಂತ ಗುರುತು ಹಾಕಿ ಮಾರಲು ಶುರು ಮಾಡಿದರು. ಲೆಕ್ಕ ಸರಳ. ಪೇಟೆ ಎಷ್ಟೇ ಬಿದ್ದರೂ ಇದಕ್ಕಿಂತ ಕೆಳಗೆ ಹೋಗುವುದಿಲ್ಲ ಅಂತ ಒಂದು ಬೆಲೆ. ಪೇಟೆ ಏರಿದರೆ ಪೇಟೆ ಬೆಲೆಯೇ. ಅದರ ಮೇಲೆ ಸ್ವಲ್ಪ ಹಣ ಸಂಘದ ಖಾತೆಗೆ. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಅಂತ ಸದಸ್ಯರೇ ಸಭೆ ಸೇರಿ ತೀರ್ಮಾನಿಸುತ್ತಾರೆ. 2023ರಿಂದ ತೊಳೆದು ಸಂಸ್ಕರಿಸಿದ ಅರೇಬಿಕಾಕ್ಕೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಂಗೆ, ಆ ಕನಿಷ್ಠ ಬೆಲೆ 1.80 ಡಾಲರ್, ಸಂಘದ ಖಾತೆಗೆ 20 ಸೆಂಟ್. ನಮಗೆ ಹತ್ತಿರದ ಬಿಳಿಗಿರಿರಂಗನ ಬೆಟ್ಟದಲ್ಲೂ ಸೋಲಿಗರು ಬೆಳೆದ ಕಾಫಿಯನ್ನು ಬೆಂಗಳೂರಿನ ಬ್ಲ್ಯಾಕ್ ಬಾಜಾ ಎಂಬ ಕಾಫಿ ಸಂಸ್ಥೆ ನೇರವಾಗಿ ಕೊಂಡು, ಬೆಟ್ಟದ ಹೆಸರು ಹೇಳಿಯೇ ಮಾರುತ್ತದೆ.

ಇನ್ನು ಅಳತೆ ವಿಚಾರ. ಕಾಫಿಯಲ್ಲಿ ಔಟ್‌ಟರ್ನ್ ಅಂತ ಇದೆ. ಒಂದು ಮೂಟೆ ಒಣ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಅನ್ನೋ ಲೆಕ್ಕ. ಮಾತಿಗೆ ಬೀಜ ಕೆ.ಜಿ.ಗೆ 200 ರೂಪಾಯಿ ಅನ್ನಿ. ಔಟ್‌ಟರ್ನ್ 28 ಬಂದರೆ ಮೂಟೆಗೆ 5,600, 26 ಅಂತ ಬರೆದರೆ 5,200. ಎರಡು ಅಂಕಿ ಆಚೆ ಈಚೆ ಆದರೆ 400 ರೂಪಾಯಿ ಹೋಯಿತು. ದರ ಎಷ್ಟಾದರೂ ಇರಲಿ, ಟೆಸ್ಟ್ ನನ್ನ ಕಣ್ಣೆದುರು ಆಗದಿದ್ದರೆ ಆ ದರಕ್ಕೆ ಅರ್ಥ ಇಲ್ಲ.

ಈಗ ಹಾಲಿಗೆ ಬರೋಣ. ಕಾಫಿಗೆ ಔಟ್‌ಟರ್ನ್ ಹೇಗೋ ನಮಗೆ ಕೊಬ್ಬು, ಎಸ್‌ಎನ್‌ಎಫ್ ಹಾಗೆ. ಕಾಫಿಯವರು ಬಯಸುವ ನ್ಯಾಯದ ವ್ಯಾಪಾರದ ಬುನಾದಿ ನಮ್ಮಲ್ಲಿ ಆಗಲೇ ಇದೆ: ದಿನಾ ಎರಡು ಹೊತ್ತು ಕೊಳ್ಳುವವರು, ಗುಣಮಟ್ಟಕ್ಕೆ ತಕ್ಕ ದರ, ವರ್ಷದ ಕೊನೆಗೆ ಬೋನಸ್. 2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಹೋಟೆಲು, ಟೀ ಅಂಗಡಿ ಎಲ್ಲಾ ಬಂದ್. ರಾಜ್ಯದಲ್ಲಿ ಮಿಕ್ಕ ಹಾಲನ್ನು ಸರ್ಕಾರವೇ ಕೊಂಡು ಬಡವರಿಗೆ ಹಂಚಿತು. ಅಂಥ ದಿನದಲ್ಲೂ ನಮ್ಮ ಸಂಘ ಕ್ಯಾನ್ ವಾಪಸ್ ಕಳಿಸಲಿಲ್ಲ.

ಆದರೂ ಬೇಸಿಗೆಯಲ್ಲಿ ಹಾಲು ಕಮ್ಮಿಯಾದಾಗ ಹೊರಗಿನ ಗಾಡಿ ಬಂದು ಲೀಟರಿಗೆ ಎರಡು ರೂಪಾಯಿ ಜಾಸ್ತಿ ಅಂದರೆ ಕೆಲವರು ಅತ್ತ ಹೋಗುತ್ತಾರೆ. ಹಾಲು ಹೆಚ್ಚಾದಾಗ ಆ ಗಾಡಿ ಊರ ಕಡೆ ತಲೆ ಹಾಕೋದಿಲ್ಲ. ಹೋದವರನ್ನು ಬೈಯಲು ನಾನು ಇಲ್ಲಿ ನಿಂತಿಲ್ಲ. ಮಗಳ ಫೀಸು ಕಟ್ಟಬೇಕಾದವನಿಗೆ ಎರಡು ರೂಪಾಯಿಯೂ ದೊಡ್ಡದೇ. ಆದರೆ ಬೇಸಿಗೆಯಲ್ಲಿ ಹಾಲು ಕುಗ್ಗಿದರೆ ಸಂಘದ ಆದಾಯ ಕುಗ್ಗುತ್ತದೆ. ಸಂಘ ಸೊರಗಿದರೆ ಗಾಡಿಯವರು ಹೇಳಿದ್ದೇ ದರ ಆಗುತ್ತದೆ.

ನಿಯತ್ತು ಒಂದೇ ಕಡೆಯಿಂದ ಬರೋದಿಲ್ಲ. ಅದಕ್ಕೇ ಮಂಡಳಿಯಲ್ಲಿ ಕೂತಿರುವ ನಮ್ಮೆಲ್ಲರಿಗೂ ಸೇರಿಸಿ ಹೇಳುತ್ತೇನೆ. ಟೆಸ್ಟ್ ಮೆಷೀನಿನ ಮುಖ ಹಾಲು ತಂದವರ ಕಡೆಗೆ ಇರಬೇಕು. ಚೀಟಿ ಕೇಳದೆಯೇ ಕೊಡಬೇಕು. ಬಟವಾಡೆ ದಿನ ಬೋರ್ಡಿನಲ್ಲಿ ಬರೆದಿರಬೇಕು, ತಪ್ಪಿದರೆ ಯಾಕೆ ಅಂತ ಅಲ್ಲೇ ಬರೆಯಬೇಕು. ಹಣ ಹಿಡಿದರೆ ಯಾವ ಬಾಬ್ತಿಗೆ ಎಷ್ಟು ಅಂತ ಪಾಸ್‌ಬುಕ್ಕಿನಲ್ಲಿ ಕಾಣಬೇಕು. ಇಷ್ಟನ್ನು ನಾವು ಮಾಡಿದ ಮೇಲೆ ಮಾತ್ರ, ಬೇಸಿಗೆಯಲ್ಲೂ ಹಾಲು ಸಂಘಕ್ಕೇ ಹಾಕಿ ಅಂತ ಸದಸ್ಯರನ್ನು ಕೇಳುವ ಹಕ್ಕು ನಮಗೆ ಬರುತ್ತದೆ. ಬರುವ ವಾರ್ಷಿಕ ಮಹಾಸಭೆಯಲ್ಲಿ ಈ ಎರಡೂ ಮಾತನ್ನು ಒಟ್ಟಿಗೆ ಒಂದೇ ಠರಾವಾಗಿ ಮಂಡಿಸುತ್ತೇನೆ. ಹೆಣ್ಣುಮಕ್ಕಳು ತಪ್ಪದೆ ಸಭೆಗೆ ಬರಬೇಕು, ಯಾಕಂದರೆ ಹಸು ನೋಡಿಕೊಳ್ಳೋರು ನೀವು, ಲೆಕ್ಕ ಕೇಳಬೇಕಾದವರೂ ನೀವೇ.

ಕಾಫಿ ಬೆಳೆಗಾರನಿಗೂ ಪುಡಿ ಮಾಡುವವನಿಗೂ ನಡುವೆ ನೂರಾರು ಮೈಲಿ, ಕೆಲವು ಸಲ ಸಮುದ್ರವೇ ಅಡ್ಡ. ನಮ್ಮ ಸಂಘದ ಬಾಗಿಲು ನಮ್ಮ ಕೊಟ್ಟಿಗೆಯಿಂದ ಕೂಗಳತೆ ದೂರದಲ್ಲಿದೆ. ಅಷ್ಟು ದೂರದವರು ಮಾತು ಉಳಿಸಿಕೊಳ್ಳಲು ಸಾಧ್ಯವಾದರೆ ನಮಗೆ ಯಾಕೆ ಆಗಬಾರದು?