ಏಳು ಭಾಷೆಯ ವೇದಿಕೆಯಲ್ಲಿ ಕನ್ನಡಕ್ಕೆ ಹತ್ತೇ ನಿಮಿಷವೇ?

(ಕಾಸರಗೋಡಿನ ಬಹುಭಾಷಾ ಕಲಾಸಂಜೆಯೊಂದರಲ್ಲಿ ಮಾಡಿದ ಭಾಷಣ)



ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತಾರೆ. ಇದು ಸ್ವಾಗತ ಭಾಷಣಕ್ಕೆ ಹೊಸೆದ ಮಾತಲ್ಲ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ನೆರೆಮನೆಯಲ್ಲಿ ಬ್ಯಾರಿ, ಅದರಾಚೆ ಕೊಂಕಣಿ, ಗುಡ್ಡದ ಕಡೆ ಮರಾಟಿ, ಉಪ್ಪಳಕ್ಕೆ ಹೋದರೆ ಉರ್ದು! ಒಂದೇ ದಿನದಲ್ಲಿ ನಾಲ್ಕು ನುಡಿ ಆಡಿ ಮಲಗುವ ಜನ ನಾವು.

ಕಲೆಯಲ್ಲೂ ಹಾಗೆಯೇ. ಮೊಗ್ರಾಲು ಮಾಪಿಳ್ಳೆ ಹಾಡಿಗೆ ಹೆಸರಾದ ಊರು. ಅದರ ಪಕ್ಕದ ಕುಂಬಳೆ, ರಾಮಾಯಣದ ಪ್ರಸಂಗಗಳನ್ನು ಬರೆದ ಪಾರ್ತಿಸುಬ್ಬನ ಊರು. ಅಲ್ಲೇ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಮನೇ ತೆಯ್ಯವಾಗಿ ಕುಣಿಯುತ್ತಾನೆ. ತೆಯ್ಯಕ್ಕೂ ಚೆಂಡೆ, ನಮ್ಮ ತೆಂಕುತಿಟ್ಟಿಗೂ ಚೆಂಡೆ. ವಾದ್ಯ ಒಂದೇ, ನುಡಿ ಬೇರೆ. ಇಂಥ ನೆಲದಲ್ಲಿ ಎಲ್ಲ ಕಲೆಗಳನ್ನೂ ಒಂದೇ ರಾತ್ರಿ, ಒಂದೇ ವೇದಿಕೆಗೆ ತಂದ ಸಂಘಟಕರಿಗೆ ಮೊದಲು ಕೈಮುಗಿಯುತ್ತೇನೆ.

ಕೈಮುಗಿದ ಮೇಲೆ ಕೇಳುತ್ತೇನೆ: ಆಮಂತ್ರಣ ಪತ್ರಿಕೆಯಲ್ಲಿ ಕನ್ನಡದ ಒಂದಕ್ಷರವೂ ಏಕಿಲ್ಲ? ಯಕ್ಷಗಾನಕ್ಕೆ ಹತ್ತು ನಿಮಿಷ, ಅದೂ ಹಿಮ್ಮೇಳ ಬೇಡ, ಹಾಡನ್ನು ಪೆನ್‌ಡ್ರೈವಿನಲ್ಲಿ ತನ್ನಿ ಎಂದು ಹೇಳಿದ್ದು ಯಾವ ನ್ಯಾಯ?

ಇದು ಸಮಯದ ಜಗಳ ಎಂದುಕೊಳ್ಳಬೇಡಿ. ಯಕ್ಷಗಾನದ ಜೀವ ಇರುವುದು ಅರ್ಥಗಾರಿಕೆಯಲ್ಲಿ. ಭಾಗವತ ಪದ ಹೇಳುತ್ತಾನೆ, ವೇಷಧಾರಿ ಅದಕ್ಕೆ ಆ ಕ್ಷಣದಲ್ಲಿ ಮಾತು ಕಟ್ಟುತ್ತಾನೆ. ಬರೆದುಕೊಟ್ಟ ಸಂಭಾಷಣೆ ಇಲ್ಲ. ಎದುರು ವೇಷ ಸವಾಲು ಹಾಕಿದರೆ ನಿಂತಲ್ಲೇ ಉತ್ತರಿಸಬೇಕು. ಇಂಗ್ಲಿಷ್ ಬೆರೆಸದ ಕನ್ನಡವನ್ನು ಗಂಟೆಗಟ್ಟಲೆ ನಿರರ್ಗಳವಾಗಿ ಆಡುವ ಇನ್ನೊಂದು ವೇದಿಕೆ ಎಲ್ಲಿದೆ ತೋರಿಸಿ! ಹತ್ತು ನಿಮಿಷ ಎಂದೊಡನೆ ಮೊದಲು ಕತ್ತರಿ ಬೀಳುವುದು ಈ ಮಾತಿಗೆ. ಉಳಿಯುವುದು ಕಿರೀಟ, ಗಿರಕಿ, ಫೋಟೋ. ಕನ್ನಡ ಚೌಕಿಯಲ್ಲೇ ಉಳಿಯುತ್ತದೆ.

ಕನ್ನಡ ಜಾರಿಹೋಗುವುದು ಈ ನೆಲಕ್ಕೆ ಹೊಸದಲ್ಲ. 1956ರಲ್ಲಿ ನಾವು ಕೇರಳದ ಪಾಲಾದೆವು. ಚಂದ್ರಗಿರಿಯ ಉತ್ತರದ ಭಾಗ ಕನ್ನಡ ನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗವೇ ಹೇಳಿತು; ವರದಿ ಮೂಲೆ ಸೇರಿತು. ಕಯ್ಯಾರ ಕಿಞ್ಞಣ್ಣ ರೈಗಳು ಆ ಕೊರಗನ್ನು ಹೊತ್ತೇ 2015ರಲ್ಲಿ ಕಣ್ಮುಚ್ಚಿದರು. 2017ರಲ್ಲಿ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿನ ಕನ್ನಡಿಗರು ಬೀದಿಗಿಳಿದದ್ದು ನಿಮಗೆಲ್ಲ ನೆನಪಿದೆ.

ಆದರೆ ಬಂಧುಗಳೇ, ಕೋಲ್ಕಳಿ ಆಡಲು ಬಂದ ಹುಡುಗರ ಮೇಲೆ ನಮಗೆ ಯಾವ ಸಿಟ್ಟೂ ಇಲ್ಲ. ಅವರ ಕಲೆಗೆ ಚಪ್ಪಾಳೆ ಜೋರಾಗಿಯೇ ಬೀಳಲಿ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಇದೆ, ಕನ್ನಡ ಕಂಠಪಾಠದ ಸ್ಪರ್ಧೆಯೂ ಇದೆ. ಸರ್ಕಾರದ ಕಲೋತ್ಸವಕ್ಕೆ ಸಾಧ್ಯವಾದದ್ದು ನಮ್ಮೂರಿನ ವೇದಿಕೆಗೆ ಸಾಧ್ಯವಿಲ್ಲವೇ? (ನವೆಂಬರ್ ಒಂದಕ್ಕೆ ಮಾತ್ರ ಕಾಸರಗೋಡನ್ನು ನೆನೆಯುವ ಬೆಂಗಳೂರಿನ ಮಹನೀಯರು ಒಮ್ಮೆ ಆ ಕಲೋತ್ಸವ ನೋಡಿಕೊಂಡು ಹೋಗಲಿ.)

ನಾವು ಕೇಳುವುದು ಭಿಕ್ಷೆಯಲ್ಲ. ಮುಂದಿನ ವರ್ಷದ ಆಮಂತ್ರಣದಲ್ಲಿ ಕನ್ನಡ ಇರಲಿ. ನಿರೂಪಣೆ ಕನ್ನಡದಲ್ಲೂ ಆಗಲಿ. ಯಕ್ಷಗಾನಕ್ಕೆ ಒಂದು ಗಂಟೆ, ಜೀವಂತ ಹಿಮ್ಮೇಳ ಕೊಡಿ. ತುಳು ಪಾಡ್ದನಕ್ಕೂ ಬ್ಯಾರಿ ಹಾಡಿಗೂ ಇದೇ ಮರ್ಯಾದೆ ಸಿಗಲಿ. ಅವು ನಮಗಿಂತ ಸಣ್ಣ ದನಿಯವು. ಸಭಿಕರಲ್ಲೂ ಒಂದು ಮಾತು: ನಿಮ್ಮ ಮಕ್ಕಳನ್ನು ಇಲ್ಲಿ ತಂದು ಕೂರಿಸಿ. ಅರ್ಥ ಕೇಳುವ ಕಿವಿಯೇ ಇಲ್ಲವಾದರೆ ಒಂದು ಗಂಟೆ ಪಡೆದು ಏನು ಮಾಡುವುದು?

ಇಂದು ಪೆನ್‌ಡ್ರೈವ್ ಇಲ್ಲ. ನಮ್ಮ ಹುಡುಗರು ಪಟ್ಟು ಹಿಡಿದು ಭಾಗವತರನ್ನೇ ಕರೆತಂದಿದ್ದಾರೆ. ನನ್ನ ಪಾಲಿನ ಉಳಿದ ಐದು ನಿಮಿಷವನ್ನು ಅವರಿಗೆ ಬಿಟ್ಟುಕೊಡುತ್ತೇನೆ.