ಕಳೆದುಹೋದ ಹುದ್ದೆಯ ಬಾಗಿಲಲ್ಲಿ

ಹೊಸ ಧಣಿಯಲ್ಲಿ ಕೆಲಸ ಬೇಡುವುದು ಕಷ್ಟವೇ. ಹಳೆಯ ಧಣಿಯಲ್ಲಿ ಹಳೆಯ ಕೆಲಸವನ್ನೇ ಬೇಡುವುದು ಮತ್ತೂ ಕಷ್ಟ. ಹೊಸಬನು ನಮ್ಮ ಅರ್ಜಿಯನ್ನು ಮಾತ್ರ ಓದುತ್ತಾನೆ. ಹಳಬನು ನಮ್ಮನ್ನೇ ಬಲ್ಲನು.

ಇಟಲಿಯ ಮೆಕಿಯಾವೆಲ್ಲಿಯ ಪಾಡನ್ನು ನೋಡಿರಿ. 1498ರಿಂದ 14 ವರ್ಷ ಆತನು ಫ್ಲಾರೆನ್ಸ್ ಗಣರಾಜ್ಯದ ಕಾರ್ಯದರ್ಶಿಯಾಗಿದ್ದನು. 1512ರಲ್ಲಿ ಮೆಡಿಚಿ ಮನೆತನದವರು ಮರಳಿ ಅಧಿಕಾರಕ್ಕೆ ಬಂದರು. ಆತನ ಹುದ್ದೆ ಹೋಯಿತು. ಮರುವರ್ಷ ಒಳಸಂಚಿನ ಸಂಶಯದಿಂದ ಆತನನ್ನು ಸೆರೆಯಲ್ಲಿಟ್ಟು, ಕೈಕಟ್ಟಿ ತೂಗಹಾಕಿ ಹಿಂಸಿಸಿದರು. ಬಿಡುಗಡೆ ಹೊಂದಿ ಹಳ್ಳಿ ಸೇರಿದವನು ಒಂದು ಗ್ರಂಥವನ್ನು ಬರೆದು ಅದೇ ಮನೆತನದ ಲೊರೆಂಜೊನಿಗೆ ಅರ್ಪಿಸಿದನು. ಕಲ್ಲು ಹೊರಳಿಸುವ ಕೆಲಸದಿಂದ ಮೊದಲುಮಾಡೆಂದರೂ ಒಪ್ಪುವೆನೆಂಬ ಭಾವವನ್ನು ಗೆಳೆಯನೊಬ್ಬನಿಗೆ ತಿಳಿಸಿದನು. ಲೋಕವು ಇಂದು ‘ದಿ ಪ್ರಿನ್ಸ್’ ಎಂದು ಓದುವ ಆ ಗ್ರಂಥಕ್ಕಿಂತ ಪ್ರಸಿದ್ಧವಾದ ಉದ್ಯೋಗದ ಅರ್ಜಿ ಮತ್ತೊಂದುಂಟೋ ಕಾಣೆ. ಫಲವು ಮಾತ್ರ ಬಹುಕಾಲ ಸೊನ್ನೆ.

1520ರಲ್ಲಿ ಮೆಡಿಚಿಗಳು ನಗರದ ಚರಿತ್ರೆಯನ್ನು ಬರೆಯುವ ಕೆಲಸವನ್ನು ಕೊಡಿಸಿದರು. ಅದೇ ಮುಳುವಾಯಿತು! 1527ರ ಮೇ ತಿಂಗಳಲ್ಲಿ ಅವರನ್ನು ಓಡಿಸಿ ಗಣರಾಜ್ಯವು ಮತ್ತೆ ತಲೆಯೆತ್ತಿತು. ತನ್ನ ಹಳೆಯ ಹುದ್ದೆಯು ಇನ್ನಾದರೂ ದೊರೆತೀತೆಂದು ಆತನು ಆಸೆಪಟ್ಟನು. ಮೆಡಿಚಿಗಳ ಅನ್ನ ಉಂಡವನೆಂಬ ಶಂಕೆ ಅಡ್ಡಬಂದಿತು. ಹುದ್ದೆಯು ಬೇರೊಬ್ಬನ ಪಾಲಾಯಿತು. ಜೂನ್ 21ರಂದು ಆತನು ತೀರಿಕೊಂಡನು.