ನಿಲ್ಲಿಸುವುದನ್ನು ಕಲಿಸದ ವಿದ್ಯೆ



1960ರಲ್ಲಿ, ಇಲ್ಲಿಗೆ ಸಮೀಪದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕೌವನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಎಂಬ ಮೂವರು, ನಿಂತ ಹೃದಯವನ್ನು ಎದೆಯೊತ್ತಿ ಚಾಲನೆಗೊಳಿಸುವ ವಿಧಾನವನ್ನು ಪ್ರಕಟಿಸಿದರು. ಹಠಾತ್ತನೆ ಹೃದಯ ನಿಂತವರಿಗೆ ಅದು ವರವೇ ಸರಿ. ಕ್ರಮೇಣ ಅದು ಆಸ್ಪತ್ರೆಯ ಎಲ್ಲ ಸಾವುಗಳಿಗೂ ಅನ್ವಯಿಸುವ ರೂಢಿಯಾಯಿತು. ಇಂದು ಎದೆಯೊತ್ತಲು ಅಪ್ಪಣೆ ಬೇಡ. ಒತ್ತದಿರಲು ಲಿಖಿತ ಆದೇಶ ಬೇಕು. ಕಿರಿಯ ವೈದ್ಯರು ರಾತ್ರಿಪಾಳಿಗಳಲ್ಲಿ ಮೈಗೂಡಿಸಿಕೊಳ್ಳುವುದು ಈ ಕ್ರಮವನ್ನೇ.

ಡರ್ಹಮ್‌ನ ಡ್ಯೂಕ್ ಸೇರಿದಂತೆ ಐದು ಕೇಂದ್ರಗಳಲ್ಲಿ ನಡೆದ ‘ಸಪೋರ್ಟ್’ ಅಧ್ಯಯನ 1995ರಲ್ಲಿ ಪ್ರಕಟವಾಯಿತು. ಹೃದಯ ನಿಂತರೆ ಎಬ್ಬಿಸುವುದು ಬೇಡವೆಂಬ ತಮ್ಮ ರೋಗಿಯ ಇಚ್ಛೆಯನ್ನು ಅರಿತಿದ್ದ ವೈದ್ಯರು ಶೇ. 47 ಮಾತ್ರ. ಮುಂದಿನ ಹಂತದಲ್ಲಿ ತರಬೇತಿ ಪಡೆದ ದಾದಿಯರು ಆ ಇಚ್ಛೆಯನ್ನು ವೈದ್ಯರಿಗೆ ತಲುಪಿಸಿದರೂ ಪರಿಸ್ಥಿತಿ ಸುಧಾರಿಸಲಿಲ್ಲ. ಮಾಹಿತಿಯೊಂದರಿಂದಲೇ ರೂಢಿ ಕರಗದು. ಉಪಶಾಮಕ ವೈದ್ಯಕೀಯಕ್ಕೆ ಈ ದೇಶದಲ್ಲಿ ಉಪವಿಶೇಷ ಶಾಖೆಯ ಮಾನ್ಯತೆ ದೊರೆತದ್ದೇ 2006ರಲ್ಲಿ.

‘ನಿಲ್ಲಿಸಿ’ ಎಂಬ ಮಾತಿಗೆ ಇನ್ನೊಂದು ಮುಖವೂ ಇದೆ. ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಕಪ್ಪು ಜನರಿಗೆ ಚಿಕಿತ್ಸೆಯನ್ನೇ ವಂಚಿಸಲಾಯಿತು. ಅದರ ಕೊನೆಯ ವರ್ಷಗಳ ಹೊಣೆ ಅಟ್ಲಾಂಟಾದ ಸಿಡಿಸಿಯದು. ಆ ನೆನಪಿರುವವರು ವೈದ್ಯರ ಸಂಯಮವನ್ನು ಸಂಶಯಿಸಿದರೆ ಅದು ಅಜ್ಞಾನವಲ್ಲ. ಆದ್ದರಿಂದ ನಮ್ಮ ಬೇಡಿಕೆ ಕಡಿಮೆ ಚಿಕಿತ್ಸೆಯಲ್ಲ. ರೋಗಿಯನ್ನು ಕೇಳಿ ನಡೆಸುವ ಚಿಕಿತ್ಸೆ.

ಕಾನೂನು ಒಂದಿಷ್ಟು ಮುಂದೆ ಬಂದಿದೆ. ಮೇರಿಲ್ಯಾಂಡ್‌ನಲ್ಲಿ ಮೋಲ್ಸ್ಟ್, ಜಾರ್ಜಿಯಾದಲ್ಲಿ ಪೋಲ್ಸ್ಟ್, ಉತ್ತರ ಕೆರೊಲಿನಾದಲ್ಲಿ ಗುಲಾಬಿ ಬಣ್ಣದ ಮೋಸ್ಟ್ ನಮೂನೆಗಳಿವೆ. ಭಾರತದ ಸುಪ್ರೀಂ ಕೋರ್ಟ್ 2018ರಲ್ಲಿ ಘನತೆಯ ಸಾವಿನ ಹಕ್ಕನ್ನು ಒಪ್ಪಿ, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದರಂತೆ 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಸುತ್ತೋಲೆ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿಗಳು ಒಪ್ಪಿದರೆ, ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂತೆಗೆದುಕೊಳ್ಳಬಹುದು.

ಆದರೆ ವೈದ್ಯರನ್ನಷ್ಟೇ ದೂರಿ ನಾವು ಪಾರಾಗಲಾರೆವು. ಬೆಂಗಳೂರಿನ ಐಸಿಯುಗೆ ಇಲ್ಲಿಂದ ಫೋನು ಮಾಡಿ, ‘ಡಾಕ್ಟರೇ, ಎಷ್ಟಾದರೂ ಖರ್ಚಾಗಲಿ, ನಾನು ಬರುವವರೆಗೆ ಅಮ್ಮನನ್ನು ಉಳಿಸಿಕೊಳ್ಳಿ’ ಎನ್ನುವವರು ನಾವೇ. ಆ ಮಾತಿನಲ್ಲಿ ಪ್ರೀತಿಯಿದೆ, ದೂರವಿದ್ದುದರ ಅಪರಾಧಪ್ರಜ್ಞೆಯೂ ಇದೆ. ಅಮ್ಮನ ಇಚ್ಛೆ ಮಾತ್ರ ಅಲ್ಲಿಲ್ಲ. ಎದೆಯೊತ್ತಲು ಪಳಗಿದ ಕೈಗೆ ನಮ್ಮ ಮಾತು ಪರವಾನಗಿಯಾಗುತ್ತದೆ.

ಭಾನುವಾರದ ಕರೆಯಲ್ಲಿ ಮಾತ್ರೆ, ಮಳೆ, ಮೊಮ್ಮಕ್ಕಳ ಮಾತಾದ ಮೇಲೆ ಇದನ್ನೂ ಕೇಳೋಣ: ‘ಅಮ್ಮಾ, ನಿನಗೆ ಮಾತಾಡಲಾಗದ ದಿನ ಬಂದರೆ, ನಿನ್ನ ಪರವಾಗಿ ಏನು ಹೇಳಲಿ?’ ಅವರ ಉತ್ತರ ನಮಗೆ ಹಿಡಿಸದಿದ್ದರೂ ಬರೆದಿಟ್ಟುಕೊಳ್ಳೋಣ.